ಸುನಿತಾಳ ಹೆಸರಿನ ಡ್ರೋನು

"ಯಾರ ಹೆಸರಿಗೆ ಬಂದಿದೆಯೋ ಅವರೇ ಬರಬೇಕು" ಎಂಬ ಮಾತನ್ನು ಸುನಿತಾ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾಳೆ. ಕಳ್ಳಂಬೆಳ್ಳದಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯ ಅಂಚೆ ಕಚೇರಿಗೆ ಅವಳೇ ಪೋಸ್ಟ್ ಮಾಸ್ಟರ್. ಕಚೇರಿ ಎಂದರೆ ಒಂದು ಕೋಣೆ, ಒಂದು ಮೇಜು, ಒಂದು ತಕ್ಕಡಿ, ಬೆರಳಚ್ಚು ತೆಗೆದುಕೊಳ್ಳುವ ಅಂಗೈಯಗಲದ ಯಂತ್ರ. ಹೆಂಡತಿಗೆ ಬಂದ ಸ್ಪೀಡ್ ಪೋಸ್ಟಿಗೆ ಗಂಡ ಕೈಚಾಚಿ, "ನಂಗೇ ಕೊಡಮ್ಮ, ಅವ್ಳು ಹೊಲ್ದಾಗವ್ಳೆ" ಅನ್ನುತ್ತಾನೆ. ಸುನಿತಾ ಕೊಡುವುದಿಲ್ಲ. ಪಿಂಚಣಿಗೆ ಬರುವ ಹೆಂಗಸರದು ಇನ್ನೊಂದು ಕಷ್ಟ. ಕಡಲೇಕಾಯಿ ಸುಲಿದು, ಹುಣಸೆಹಣ್ಣು ಕುಟ್ಟಿ, ನಲವತ್ತು ವರ್ಷ ಪಾತ್ರೆ ತಿಕ್ಕಿ ಅವರ ಬೆರಳಿನ ಗೆರೆಗಳೇ ಸವೆದುಹೋಗಿರುತ್ತವೆ. ಯಂತ್ರ ಅವರನ್ನು ಅವರೇ ಎಂದು ಒಪ್ಪುವುದಿಲ್ಲ. ಅದಕ್ಕೆಂದೇ ಸುನಿತಾ ಮೇಜಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡಿದ್ದಾಳೆ. ಒರೆಸಿ, ಒಂದೊಂದೇ ಬೆರಳು ಇಡಿಸಿ, ಹತ್ತರಲ್ಲಿ ಒಂದಾದರೂ ಹಸಿರು ದೀಪ ಹತ್ತಿಸುವ ತನಕ ಬಿಡುವುದಿಲ್ಲ.

ಇಂಥ ಕಟ್ಟುನಿಟ್ಟಿನವಳು ಡ್ರೋನಿನ ವಿಷಯದಲ್ಲಿ ಮಾತ್ರ ಗಂಡನ ಮಾತಿಗೆ ಹೂಂ ಅಂದುಬಿಟ್ಟಳು.

ಗಂಡ ಭೀಮರಾಜು ಪಾವಗಡದ ಕಡೆ, ರಾಯಚರ್ಲು ಸುತ್ತಿನ ಸೋಲಾರ್ ಪ್ಯಾನೆಲ್‌ಗಳ ನಡುವೆ ಟೆಕ್ನಿಷಿಯನ್. ಸೋಮವಾರ ಬೆಳಗ್ಗೆ ಹೋದರೆ ಶನಿವಾರ ಸಂಜೆ ಬರುತ್ತಾನೆ. ಪ್ಯಾನೆಲ್‌ಗಳನ್ನು ಮೇಲಿನಿಂದ ನೋಡಲು ಅಲ್ಲಿ ಡ್ರೋನು ಹಾರಿಸುವುದನ್ನು ಕಂಡು ಅವನಿಗೂ ಹುಚ್ಚು ಹತ್ತಿತು. ದೀಪಾವಳಿಗೆ ತುಮಕೂರಿನಿಂದ ಒಂದು ತಂದ. ಕಾಲು ಕಿಲೋಗೆ ಒಂದು ಗ್ರಾಂ ಕಡಿಮೆ. ರೆಕ್ಕೆ ಮಡಚಿದರೆ ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಕೂರುತ್ತದೆ. ಇಷ್ಟು ಪುಟ್ಟದಕ್ಕೆ ಪೈಲಟ್ ಪರೀಕ್ಷೆ ಬೇಡ, ಆದರೆ ನೋಂದಣಿ ಮಾಡಿಸಿ ನಂಬರು ಅಂಟಿಸಬೇಕು. ನೋಂದಣಿಗೆ ಆಧಾರ್ ಬೇಕು, ಆಧಾರ್‌ಗೆ ಒಟಿಪಿ ಬೇಕು. ಭೀಮರಾಜುವಿನ ಆಧಾರ್‌ಗೆ ಜೋಡಿಸಿದ್ದ ಸಿಮ್ಮು ಐದು ವರ್ಷದ ಹಿಂದೆ ಮಡಕಶಿರಾ ಬಸ್ಸಿನಲ್ಲಿ ಫೋನಿನ ಸಮೇತ ಕಳೆದುಹೋಗಿತ್ತು.

"ಅಷ್ಟಕ್ಕೆಲ್ಲ ಯಾಕ್ ತಲೆ ಕೆಡಿಸ್ಕಳಾದು? ನಿನ್ ಹೆಸ್ರಲ್ಲೇ ಮಾಡ್ಸು" ಅಂದ. "ಸೈಟು ನಿನ್ ಹೆಸ್ರಲ್ಲಿಲ್ವಾ? ಗ್ಯಾಸು ನಿನ್ ಹೆಸ್ರಲ್ಲಿಲ್ವಾ?"

ಸುನಿತಾ ಆಗ ಮುದ್ದೆ ತೊಳಸುತ್ತಿದ್ದಳು. ಫೋನು ಟಿಣ್ ಎಂದಿತು. ಎಡಗೈಯಲ್ಲಿ ಫೋನು ಹಿಡಿದು ಆರು ಅಂಕಿ ಓದಿ ಹೇಳಿದಳು. ಬಲಗೈ ನಿಂತ ಅಷ್ಟೇ ಹೊತ್ತಿಗೆ ಹಿಟ್ಟು ಗಂಟು ಕಟ್ಟಿತು. ಊಟಕ್ಕೆ ಕೂತಾಗ ಅತ್ತೆ ಚಿಕ್ಕಹನುಮಕ್ಕ ಗಂಟನ್ನು ನಾಲಿಗೆಯ ತುದಿಗೆ ತಂದು, "ಇದೇನಮ್ಮಿ, ಇವತ್ತು ಮುದ್ದೆಗೆ ಕಡ್ಲೇಬೀಜ ಹಾಕಿದ್ದೀಯಾ?" ಅಂದಳು.

ಆಮೇಲೆ ಆದದ್ದನ್ನು ಮನೆ ನಡೆಸಿದ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ನೋಂದಣಿ ಸುನಿತಾಳ ಫೋನಿನಲ್ಲಿ ಆದ್ದರಿಂದ ಆ್ಯಪ್‌ಗಳೂ ಅವಳ ಫೋನಿಗೇ ಬಂದವು, ಆ್ಯಪ್‌ಗಳ ಹಿಂದೆಯೇ ಕೆಲಸವೂ ಬಂತು. ಭಾನುವಾರ ಭೀಮರಾಜು ಹಾರಿಸಬೇಕಾದರೆ ಶನಿವಾರವೇ ಅವಳು ಸರ್ಕಾರದ ನಕ್ಷೆ ತೆರೆದು ಜಾಗದ ಬಣ್ಣ ನೋಡಬೇಕು. ಹಸಿರಾದರೆ ನಾನೂರು ಅಡಿಯವರೆಗೆ ಯಾರನ್ನೂ ಕೇಳಬೇಕಿಲ್ಲ. ಹಳದಿಯಾದರೆ ಅನುಮತಿ ಬೇಕು. ಕೆಂಪಾದರೆ ಪೆಟ್ಟಿಗೆಯ ಮುಚ್ಚಳವನ್ನೇ ತೆಗೆಯಬಾರದು. ಆಮೇಲೆ ಗಾಳಿಯ ಆ್ಯಪ್. ನೆಲದ ಮೇಲೆ ಹುಣಸೆ ಎಲೆ ಅಲುಗದಿದ್ದರೂ ಮುನ್ನೂರು ಅಡಿ ಮೇಲೆ ಗಾಳಿ ಬೀಸುತ್ತಿರಬಹುದು. ಅದು ಎತ್ತರಕ್ಕೆ ತಕ್ಕಂತೆ ಬೇರೆ ಬೇರೆ ವೇಗ ತೋರಿಸುತ್ತದೆ. ಡ್ರೋನಿಗೆ ದಾರಿ ತೋರಿಸುವ ಉಪಗ್ರಹಗಳು ಎಷ್ಟು ಸಿಗುತ್ತವೆ ಎಂದು ನೋಡಲು ಇನ್ನೊಂದು. ಮೂರು ಬ್ಯಾಟರಿಗಳನ್ನು ಬುದ್ಧನ ಪಟದ ಕೆಳಗಿನ ಪ್ಲಗ್ಗಿಗೆ ಒಂದಾದ ಮೇಲೊಂದು ಹಾಕಬೇಕು, ರೆಕ್ಕೆಗೆ ಸುತ್ತಿದ ಹುಲ್ಲಿನ ಎಳೆಯನ್ನು ಸೂಜಿಯಲ್ಲಿ ತೆಗೆಯಬೇಕು, ಲೆನ್ಸು ಒರೆಸಬೇಕು. ಇಷ್ಟೂ ಆದ ಮೇಲೆ ಭೀಮರಾಜು ಕೆರೆ ಏರಿಗೆ ಹೋಗಿ ಹಾರಿಸಿ ಬರುವುದು. ಈರುಳ್ಳಿ ಹೆಚ್ಚಿ, ಕಾಯಿ ತುರಿದು, ಖಾರ ರುಬ್ಬಿಟ್ಟ ಮೇಲೆ ಬಂದು ಒಗ್ಗರಣೆ ಹಾಕಿ "ಇವತ್ತಿನ ಅಡುಗೆ ನಂದು" ಅನ್ನುವ ಗಂಡಸರ ಹಾಗೆ.

ವಿಮಾನ ತೋರಿಸುವ ಆ್ಯಪ್ ಒಂದು ಮಾತ್ರ ಅತ್ತೆಗೂ ಇಷ್ಟವಾಯಿತು. ಸಂಜೆ ಜಗಲಿಯಲ್ಲಿ ಕೂತು ಅವಳು ಮೇಲೆ ಬೆರಳು ತೋರಿಸುತ್ತಾಳೆ. "ಅದೆಲ್ಲಿಗೋಯ್ತದೆ?"

"ದೆಹಲಿಗೆ, ಅತ್ತೆ."

"ಊಟ ಕೊಡ್ತಾರಾ ಅದ್ರಾಗೆ?"

"ಕೊಡ್ತಾರೆ."

"ಯಾರ್ ಮಾಡ್ತಾರೆ?" ಎನ್ನುವುದು ಚಿಕ್ಕಹನುಮಕ್ಕನ ಮೂರನೆಯ ಪ್ರಶ್ನೆ. ಅದಕ್ಕೆ ಆ್ಯಪಿನಲ್ಲಿ ಉತ್ತರವಿರಲಿಲ್ಲ.

ದಿನವೂ ನೋಡಿ ನೋಡಿ ಸುನಿತಾಳಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಬಯಲಿನಲ್ಲಿ ಗಾಳಿ ನಿಲ್ಲುವುದು ಬೆಳಗ್ಗೆ ಆರರಿಂದ ಏಳೂವರೆಯವರೆಗೆ. ಎಂಟು ದಾಟಿತೋ, ಶುರು. ಆರರಿಂದ ಏಳೂವರೆ ಎಂದರೆ ನಲ್ಲಿಯ ನೀರು, ಹಾಲು, ಅತ್ತೆಗೆ ಬಿಸಿನೀರು, ಬೆಳಗಿನ ರೊಟ್ಟಿ, ತನ್ನ ಮಧ್ಯಾಹ್ನದ ಬುತ್ತಿ. ಆಕಾಶಕ್ಕೆ ಬಿಡುವಿರುವ ಹೊತ್ತಿನಲ್ಲೇ ಅಡುಗೆಮನೆಗೆ ಬಿಡುವಿಲ್ಲ.

ಅವಳ ಅಪ್ಪ ದೊಡ್ಡಹನುಮಯ್ಯ ಮಧುಗಿರಿ ತಾಲ್ಲೂಕಿನ ಒಂದು ಕೆರೆಗೆ ನೀರುಗಂಟಿಯಾಗಿದ್ದವನು. ತೂಬು ಎತ್ತಿ ಗದ್ದೆಗಳಿಗೆ ಪಾಳಿಯ ಮೇಲೆ ನೀರು ಬಿಡುವ ಕೆಲಸ. ನಸುಕಿಗೇ ಏರಿಯ ಮೇಲೆ ನಡೆದು, ನೀರಿನ ಮೇಲಿನ ಸುಕ್ಕು ನೋಡಿ ಗಾಳಿ ಯಾವ ಕಡೆಗೆ ತಿರುಗುತ್ತದೆ ಎಂದು ಹೇಳುತ್ತಿದ್ದ. ಏಳು ವರ್ಷದ ಸುನಿತಾ ಅವನ ಹಿಂದೆ ಹೋಗುತ್ತಿದ್ದಳು. ಹನ್ನೆರಡಕ್ಕೆ ಅಮ್ಮ ಅವಳನ್ನು ಒಲೆಯ ಮುಂದೆ ಕೂರಿಸಿದಳು. ತಮ್ಮ ಏರಿಗೆ ಹೋದ. ತಮ್ಮನಿಗೆ ಗಾಳಿಯ ಬಗ್ಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಡಿಸೆಂಬರಿನ ಒಂದು ಬುಧವಾರ ಅವಳು ರಾತ್ರಿಯೇ ಹಿಟ್ಟು ಕಲಸಿಟ್ಟು, ಬೆಳಗ್ಗೆ ಆರೂ ಹತ್ತಕ್ಕೆ ಪೆಟ್ಟಿಗೆ ಹಿಡಿದು ಏರಿಯ ಮೇಲೆ ನಿಂತಳು. ನಕ್ಷೆ ಹಸಿರು. ಗಾಳಿ ಇಲ್ಲ. ಹಾರಿಸುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಗಂಡನ ತಪ್ಪುಗಳನ್ನು ಐದು ಭಾನುವಾರ ನೋಡಿದ್ದಳು, ಅಷ್ಟು ಸಾಕಾಯಿತು. ಡ್ರೋನು ಮೇಲೆದ್ದಿತು. ಕೆರೆ, ಕೆರೆಯಾಚೆ ಹೆದ್ದಾರಿ, ಹೆದ್ದಾರಿಯಲ್ಲಿ ಶಿರಾದ ಕಡೆ ಸಾಲುಗಟ್ಟಿದ ಲಾರಿಗಳು. ಒಂದು ಬ್ಯಾಟರಿಗೆ ಇಪ್ಪತ್ತೆರಡು ನಿಮಿಷ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಯಾರೂ ತನ್ನನ್ನು ಕರೆಯದೆ ಇಪ್ಪತ್ತೆರಡು ನಿಮಿಷ ಕಳೆದದ್ದು ಇದೇ ಮೊದಲು ಎಂದು ಅವಳಿಗೆ ಡ್ರೋನು ಇಳಿಸುವಾಗ ಹೊಳೆಯಿತು. ಅಂದಿನಿಂದ ಬುಧವಾರ ಅವಳದಾಯಿತು. ಭೀಮರಾಜುವಿಗೆ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಅವನು ಕೇಳಲಿಲ್ಲ.

ಜನವರಿಯಲ್ಲಿ ಚಿಕ್ಕಹನುಮಕ್ಕ ಒಂದು ಭಾನುವಾರ ಬಯಲಿನಿಂದ ಓಡೋಡಿ ಬಂದಳು. ಮನೆಯಲ್ಲಿ ಶೌಚಾಲಯವಿದ್ದರೂ ಅವಳು ಮತ್ತು ಅವಳ ವಾರಿಗೆಯ ಮೂವರು ಕೆರೆಯ ಹಿಂದಿನ ಜಾಲಿಪೊದೆಯ ಕಡೆಗೇ ಹೋಗುವವರು. "ನಿನ್ ಗಂಡನ ಜೇನ್ನೊಣ ತಲೆ ಮ್ಯಾಲೇ ಬಂದು ನಿಂತ್ಕತ್ತು ಕಣಮ್ಮಿ! ಸೀರೆ ಸರ್ಯಾಗಿ ಸುತ್ಕಳಕೂ ಬುಡ್ಲಿಲ್ಲ. ಅವನ್ನ ಹೆತ್ತಿದ್ದು ಇದಕ್ಕಾ?"

ಭೀಮರಾಜು ನಕ್ಕ. "ನಕ್ಷೇಲಿ ಹಸ್ರೈತಲ್ಲವ್ವಾ."

ನಕ್ಷೆಗೆ ಗೊತ್ತಿಲ್ಲದ ಕೆಂಪು ಊರಿನಲ್ಲಿ ಎಷ್ಟೋ ಇದೆ ಎಂದು ಸುನಿತಾಳಿಗೆ ಅನ್ನಿಸಿತು. ಆ ಸಂಜೆಯೇ ನಕ್ಷೆಯ ಚಿತ್ರವನ್ನು ಫೋನಿನಲ್ಲಿ ಸೆರೆಹಿಡಿದು, ಬೆರಳಿನಿಂದಲೇ ಮೂರು ಕೆಂಪು ಸುತ್ತು ಎಳೆದಳು. ಒಂದು ಜಾಲಿಪೊದೆಗೆ, ಒಂದು ಹೆಂಗಸರು ಬಟ್ಟೆ ಒಗೆದು ಅಲ್ಲೇ ಮೀಯುವ ಬಂಡೆಗೆ, ಒಂದು ಹೆಜ್ಜೇನು ಕಟ್ಟಿದ ಆಲದ ಮರಕ್ಕೆ. ಗಂಡನಿಗೆ ಕಳಿಸಿ, "ಈ ಕಡೆ ಹಾರಿಸಬೇಡಿ" ಎಂದು ಬರೆದಳು. ಭೀಮರಾಜು ಹೆಬ್ಬೆರಳು ತೋರಿಸುವ ಚಿತ್ರ ಕಳಿಸಿದ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಡ್ರೋನ್ ಹುಚ್ಚಿನವರಿಗೆಲ್ಲ ಒಂದು ವಾಟ್ಸಾಪ್ ಗುಂಪಿದೆ. ಮೂವತ್ತೊಂದು ಜನ, ಮೂವತ್ತೊಂದೂ ಗಂಡಸರು. ನಡೆಸುವವನು ಕೊರಟಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೌರೀಶ. ಮಾರ್ಚ್ ಮೊದಲ ಭಾನುವಾರ ಎಲ್ಲರೂ ಮಧುಗಿರಿಯ ಹೊರಗೆ ಗೌರೀಶನ ನೆಂಟರ ಬೀಳು ಹೊಲದಲ್ಲಿ ಸೇರಿ ಹಾರಿಸುವುದು ಎಂದಾಯಿತು. "ಒಂದಷ್ಟು ಚಿತ್ರಾನ್ನ ಮಾಡ್ಕೊಡು, ಹನ್ನೊಂದು ಜನ ಬತ್ತಾರಂತೆ" ಅಂದ ಭೀಮರಾಜು. ಶನಿವಾರ ಸಂಜೆ ಸುನಿತಾ ನಕ್ಷೆ ನೋಡಿದಳು. ಹಸಿರಿತ್ತು.

ಭಾನುವಾರ ನಾಲ್ಕಕ್ಕೆ ಎದ್ದು ಅನ್ನ ಬಸಿದು ಆರಲು ಹರಡಿದಳು. ಐದಕ್ಕೆ, ನಿಂಬೆಹಣ್ಣು ಹಿಂಡಿದ ಕೈ ಒರೆಸಿಕೊಂಡು, ಅಭ್ಯಾಸಬಲದಿಂದ ನಕ್ಷೆಯನ್ನು ಇನ್ನೊಂದು ಸಲ ತೆರೆದಳು. ಹಾಲು ಕಾಯಿಸುವ ಮುಂಚೆ ಮೂಸಿ ನೋಡುವುದಿಲ್ಲವೇ, ಹಾಗೆ. ಮಧುಗಿರಿಯ ಮೇಲೆ ಒಂದು ದೊಡ್ಡ ಕೆಂಪು ವೃತ್ತ ಕೂತಿತ್ತು. ತಾತ್ಕಾಲಿಕ, ಒಂದು ದಿನದ ಮಟ್ಟಿಗೆ. ಯಾರೋ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು.

"ರೀ, ಮಧುಗಿರಿ ಕೆಂಪಾಗಿದೆ."

ಭೀಮರಾಜು ಶೂ ಹಾಕಿಕೊಳ್ಳುತ್ತಿದ್ದ. "ನಿನ್ನೆ ನೀನೇ ಹಸ್ರು ಅಂದ್ಯಲ್ಲ? ಗ್ರೂಪಲ್ಲೂ ಹಸ್ರೇ ಐತೆ. ಎಲ್ಲಾ ಹೊಂಟವ್ರೆ, ಅಲ್ಲೋಗಿ ನೋಡಣ ಬುಡು."

"ಅದರ ಮೇಲಿರೋದು ನನ್ನ ಹೆಸರು."

"ಹೆಸ್ರು ತಾನೆ? ಹಾರ್ಸೋನು ನಾನು."

ಸುನಿತಾ ಪೆಟ್ಟಿಗೆಯನ್ನು ಎತ್ತಿ ಕಂಕುಳಿಗೆ ಸೇರಿಸಿಕೊಂಡಳು. "ಹಾಗಾದ್ರೆ ನಾನೂ ಬರ್ತೀನಿ."

"ನೀನಾ? ಅವ್ವಂಗೆ ಊಟ?"

"ನಂಗೇನ್ಲಾ ಕೈ ಬಿದ್ದೋಗವಾ?" ಎಂದಳು ಒಳಗಿನಿಂದ ಚಿಕ್ಕಹನುಮಕ್ಕ. "ಹೋಗಮ್ಮಿ ನೀನು. ಇವ್ನು ಅಲ್ಲೂ ಯಾರ್ದಾದ್ರೂ ತಲೆ ಮ್ಯಾಲೆ ನಿಲ್ಲುಸ್ತಾನೆ."

ಬೈಕಿನಲ್ಲಿ ಒಂದು ಗಂಟೆಗೂ ಹೆಚ್ಚು. ಚಿತ್ರಾನ್ನದ ಕ್ಯಾರಿಯರ್ ಮುಂದೆ ಟ್ಯಾಂಕಿನ ಮೇಲೆ. ಡ್ರೋನಿನ ಪೆಟ್ಟಿಗೆ ಸುನಿತಾಳ ಮಡಿಲಲ್ಲಿ. ದಾರಿಯುದ್ದಕ್ಕೂ ಅವಳ ತಲೆಯಲ್ಲಿದ್ದುದು ಒಂದೇ. ಕೆಂಪಿನಲ್ಲಿ ಹಾರಿಸಿ ಸಿಕ್ಕಿಬಿದ್ದರೆ ಪೊಲೀಸರು ಅಂಟಿಸಿದ ನಂಬರು ನೋಡುತ್ತಾರೆ, ನಂಬರಿನ ಹಿಂದೆ ತನ್ನ ಹೆಸರಿದೆ. ಕೇಸಾದರೆ ಮೇಲಿನವರು ಮೊದಲು ಮಾಡುವುದು ತನ್ನನ್ನು ಕೆಲಸದಿಂದ ಹೊರಗೆ ನಿಲ್ಲಿಸುವುದು. ಆ ಕೋಣೆ, ಆ ಮೇಜು, ಆ ಒದ್ದೆ ಬಟ್ಟೆ ಹದಿಮೂರು ವರ್ಷದಿಂದ ಅವಳವು.

ಹೊಲದಲ್ಲಿ ಆಗಲೇ ಹತ್ತು ಜನ ಸೇರಿದ್ದರು. ಆಚೆ ಮಧುಗಿರಿ ಬೆಟ್ಟ ಬಿಸಿಲಿಗೆ ಮೈಯೊಡ್ಡಿತ್ತು. ಭೀಮರಾಜುವಿನ ಜೊತೆ ಕೆಲಸ ಮಾಡುವ ಪಾವಗಡದ ಲಕ್ಷ್ಮೀಪತಿ ಕ್ಯಾರಿಯರ್ ನೋಡಿದವನೇ, "ವದಿನಾ ಒಚ್ಚಿಂದಿ! ಅತ್ತಿಗೆ ಬಂದ್ರು, ಟಿಫನ್ ಬಂತು ಕಣ್ರೋ!" ಎಂದು ಕೂಗಿದ. ಅವಳ ಮಡಿಲಿನ ಪೆಟ್ಟಿಗೆ ಯಾರ ಕಣ್ಣಿಗೂ ಬೀಳಲಿಲ್ಲ.

"ಇಲ್ಲಿ ಇವತ್ತು ಹಾರಿಸೋ ಹಾಗಿಲ್ಲ" ಅಂದಳು ಸುನಿತಾ. "ಕೆಂಪಿದೆ."

ಗೌರೀಶ ನಗುನಗುತ್ತಲೇ ತನ್ನ ಫೋನು ಮುಂದೆ ಹಿಡಿದ. "ಇಲ್ಲ ಅಕ್ಕ, ನೋಡ್ಕಳಿ. ನಮ್ ಗ್ರೂಪಲ್ಲಿ ನಕ್ಷೆ ಪಿನ್ ಮಾಡಿಟ್ಟಿದ್ದೀವಿ. ಎಲ್ಲಾ ಇದನ್ನೇ ನೋಡ್ಕಂಡು ಹಾರ್ಸಾದು. ನಿಮ್ಮೆಜಮಾನ್ರೇ ಹಾಕಿದ್ದು."

ಸುನಿತಾ ಫೋನು ಕೈಗೆ ತೆಗೆದುಕೊಂಡಳು. ನಾಲ್ಕೂ ತಾಲ್ಲೂಕು ಹಸಿರು. ಚಿತ್ರದ ಮೇಲಂಚಿನಲ್ಲಿ ಸಂಜೆಯ ಗಂಟೆ ಐದು ಐವತ್ತೆರಡು, ಬ್ಯಾಟರಿ ಹದಿನಾಲ್ಕು ಎಂದಿತ್ತು. ಎರಡು ಬೆರಳಿನಲ್ಲಿ ಹಿಗ್ಗಿಸಿ ತಮ್ಮೂರ ಕೆರೆಯ ಹತ್ತಿರ ತಂದಳು. ಕೆರೆಯ ಹಿಂದೆ, ಬೆರಳಿನಿಂದ ಎಳೆದ ಮೂರು ಪುಟ್ಟ ಕೆಂಪು ಸುತ್ತು. ಮದುವೆಮನೆಗೆಂದು ಹೋದ ಪಾತ್ರೆ ವಾಪಸ್ಸು ಬರದೆ, ಒಂದು ದಿನ ಇನ್ಯಾರದೋ ಮನೆಯಲ್ಲಿ ತಳದಲ್ಲಿ ಕೆತ್ತಿಸಿದ ತನ್ನ ಹೆಸರಿನೊಂದಿಗೇ ಕಂಡರೆ ಹೇಗೋ, ಹಾಗಾಯಿತು.

"ಇದು ಜನವರೀದು" ಅಂದಳು. "ನಾನೇ ತೆಗೆದಿದ್ದು. ಈ ಮೂರು ಸುತ್ತೂ ನಾನೇ ಎಳೆದಿದ್ದು."

"ಅದೇನಂತ ಗೊತ್ತಾಗ್ದೆ ಸುಮ್ನಿದ್ವಿ ಅಕ್ಕ."

"ಒರೇ ಭೀಮಾ, ನಾನೇ ಕೂತ್ಕಂಡು ಮಾಡ್ದೆ ಅಂದಿದ್ಯಲ್ಲೋ!" ಅಂದ ಲಕ್ಷ್ಮೀಪತಿ. ಭೀಮರಾಜು ಬೈಕಿನ ಕನ್ನಡಿ ಒರೆಸತೊಡಗಿದ.

"ಈ ನಕ್ಷೆ ದಿನಾ ಬದಲಾಗುತ್ತೆ. ಹೋದ ವರ್ಷದ ಪಂಚಾಂಗ ನೋಡ್ಕೊಂಡು ಈ ವರ್ಷ ಯಾರಾದ್ರೂ ಮದುವೆ ಮಾಡ್ತಾರಾ?"

ಗೌರೀಶ ಬಿಟ್ಟುಕೊಡಲಿಲ್ಲ. "ನನ್ ಡ್ರೋನಿನ ಆ್ಯಪು ಹಾರ್ಸಬಹುದು ಅಂತೈತೆ ನೋಡಿ."

"ಅದು ಡ್ರೋನ್ ಮಾಡಿದೋರ ಆ್ಯಪ್. ಮಧುಗಿರಿಗೆ ಇವತ್ತು ಯಾರು ಬರ್ತಾರೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಸರ್ಕಾರದ ನಕ್ಷೆ ತೆಗೀರಿ."

ಹನ್ನೊಂದು ಜನರಲ್ಲಿ ಎಂಟು ಜನರ ಫೋನಿನಲ್ಲಿ ಅದು ಇರಲೇ ಇಲ್ಲ. ಇದ್ದ ಮೂವರ ಫೋನಿನಲ್ಲಿ ತೆರೆದಾಗ ಕೆಂಪು ವೃತ್ತ ಬಂತು. ಅವರು ನಿಂತ ಹೊಲ ಅದರ ನಡುವೆಯೇ ಇತ್ತು.

ಭೀಮರಾಜು ಹತ್ತಿರ ಬಂದು ದನಿ ತಗ್ಗಿಸಿದ. "ಎರಡೇ ನಿಮಿಷ. ಮರದೆತ್ತರ. ಯಾರ್ ನೋಡ್ತಾರೆ? ಏನಾದ್ರೂ ಆದ್ರೆ ನಾನಿಲ್ವಾ?"

"ಏನಾದ್ರೂ ಆದ್ರೆ ನೀವು ಇರ್ತೀರಿ. ನನ್ನ ಕೆಲಸ ಇರಲ್ಲ."

ಅವನು ಕೈಚಾಚಿದ. ಅವಳು ಕೊಡಲಿಲ್ಲ. ದಿನಕ್ಕೆ ಹತ್ತು ಸಲ ಹೇಳಿ ನುರಿತ ದನಿಯಲ್ಲಿ, ಸಿಟ್ಟಿಲ್ಲದೆ ಹೇಳಿದಳು: "ಯಾರ ಹೆಸರಿಗಿದೆಯೋ ಅವರ ಕೈಗೇ." ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಹೊಲದ ಬದುವಿನ ಮೇಲೆ ಕೂತಳು.

ಒಬ್ಬೊಬ್ಬರಾಗಿ ಡ್ರೋನುಗಳನ್ನು ಚೀಲಕ್ಕೆ ಹಾಕಿದರು. ವೃತ್ತದಾಚೆ ಕೊರಟಗೆರೆ ಕಡೆ ಹೋಗೋಣ ಎಂದ ಒಬ್ಬ. ಅಲ್ಲಿಗೆ ಮುಟ್ಟುವಾಗ ಎಂಟೂವರೆ, ಗಾಳಿ ಎದ್ದಿರುತ್ತದೆ ಎಂದಳು ಸುನಿತಾ. ಉಳಿದದ್ದು ಚಿತ್ರಾನ್ನ. ತಿನ್ನುತ್ತಿರುವಾಗಲೇ ತುಮಕೂರಿನ ಕಡೆಯಿಂದ ಹೆಲಿಕಾಪ್ಟರು ಬಂತು, ನೆನೆಸಿದ್ದಕ್ಕಿಂತ ತಗ್ಗಿನಲ್ಲಿ, ಹುಲ್ಲು ಮಲಗುವಷ್ಟು ಹತ್ತಿರ. ವಿಮಾನ ತೋರಿಸುವ ಆ್ಯಪಿನಲ್ಲಿ ಅದು ಕಾಣಲೇ ಇಲ್ಲ. ಲಕ್ಷ್ಮೀಪತಿ ಬಾಯಲ್ಲಿದ್ದ ತುತ್ತು ನುಂಗದೆ ನೋಡುತ್ತ ನಿಂತ.

ಹೆಲಿಕಾಪ್ಟರು ಬೆಟ್ಟದ ಹಿಂದೆ ಇಳಿದ ಮೇಲೆ ಗೌರೀಶನಿಗೆ ಉತ್ಸಾಹ ಬಂತು. "ಅಕ್ಕನ್ನ ಗ್ರೂಪಿಗೆ ಸೇರಿಸ್ತೀನಿ ಕಣ್ರಪ್ಪಾ! ಅಕ್ಕ, ದಿನಾ ಬೆಳಗ್ಗೆ ಐದಕ್ಕೆ ನಕ್ಷೆ, ಗಾಳಿ ಎರಡೂ ನೋಡಿ ಹಾಕ್ಬುಡಿ. ಇನ್ಮೇಲೆ ನೀವೇ ನಮ್ ಕಂಟ್ರೋಲ್ ರೂಮು." ಎಲ್ಲರೂ ಚಪ್ಪಾಳೆ ತಟ್ಟಿದರು. ಭೀಮರಾಜುವೂ ತಟ್ಟಿದ, ಅವನ ಮುಖ ಸ್ವಲ್ಪ ಗೆಲುವಾಯಿತು.

ಸುನಿತಾ ಖಾಲಿ ಕ್ಯಾರಿಯರಿನ ಮುಚ್ಚಳ ಹಾಕಿದಳು. "ನಾಲ್ಕಕ್ಕೆ ಎದ್ದು ಹನ್ನೊಂದು ಜನಕ್ಕೆ ಅನ್ನ ಮಾಡಿದೀನಿ. ಆಕಾಶಾನೂ ನಾನೇ ಬೇಯಿಸಿ ಬಡಿಸ್ಬೇಕಾ?"

ಗೌರೀಶ ಬೆರಳಿಗಂಟಿದ ಅನ್ನ ಒರೆಸಿಕೊಂಡ.

"ಎಲ್ಲರ ಕೈಲೂ ಫೋನಿದೆ. ತೆಗೀರಿ. ಒಂದೇ ಸಲ ಹೇಳಿಕೊಡ್ತೀನಿ. ಆಮೇಲೆ ಅವರವರು ಹಾರಿಸೋದಕ್ಕೆ ಅವರವರೇ ನೋಡ್ಕೋಬೇಕು. ಹಿಂದಿನ ದಿನ ಒಂದು ಸಲ, ಹೊರಡೋ ಮುಂಚೆ ಒಂದು ಸಲ, ಜಾಗಕ್ಕೆ ಹೋಗಿ ಇನ್ನೊಂದು ಸಲ. ಚಿತ್ರ ತೆಗೆದು ಇಟ್ಕೊಳ್ಳೋದಲ್ಲ."

ಅರ್ಧ ಗಂಟೆ ಹೇಳಿಕೊಟ್ಟಳು. ಗೌರೀಶನ ಫೋನಿನಲ್ಲಿ ಪಿನ್ ಮಾಡಿದ್ದ ಚಿತ್ರವನ್ನು ಅವನ ಕೈಯಿಂದಲೇ ತೆಗೆಸಿದಳು. ಮೂರು ಸುತ್ತು ಏನೆಂದು ಲಕ್ಷ್ಮೀಪತಿ ಕೇಳಿದಾಗ, "ನಿಮ್ಮೂರಲ್ಲೂ ಇರ್ತವೆ. ಮನೇಲಿ ಅಮ್ಮನ್ನ ಕೇಳಿ" ಅಂದಳು.

ವಾಪಸ್ಸು ಬರುವಾಗ ಭೀಮರಾಜು ಬಡವನಹಳ್ಳಿಯಲ್ಲಿ ಬೈಕು ನಿಲ್ಲಿಸಿದ. ಎರಡು ಟೀ ಹೇಳಿ, "ಎಲ್ರೆದ್ರುಗೆ ಮಾನ ಕಳ್ದೆ" ಅಂದ.

"ಆಧಾರಿಗೆ ನಿಮ್ಮ ಈಗಿನ ನಂಬರ್ ಸೇರಿಸ್ಕೊಳ್ಳಿ. ಬೇಕಾದ್ರೆ ಇನ್ನೊಂದು ಡ್ರೋನ್ ತಗೊಳ್ಳಿ, ನಿಮ್ಮ ಹೆಸರಿಗೆ. ಒಟಿಪಿ ನಿಮ್ಮ ಜೇಬಿಗೇ ಬರಲಿ. ಇದು ನಂದು. ಭಾನುವಾರ ಬೇಕಾದ್ರೆ ಕೇಳಿ, ಕೊಡ್ತೀನಿ. ಹಸಿರಿದ್ರೆ."

"ನೀನ್ ಹಾರುಸ್ತೀಯಾ ಅದನ್ನ?"

"ಮೂರು ತಿಂಗಳಿಂದ. ಬುಧವಾರ."

ಭೀಮರಾಜು ಟೀ ಲೋಟ ಕೆಳಗಿಟ್ಟ. "ಗಾಳಿಗೆ ಎಡಕ್ಕೆ ಎಳೀತದಲ್ಲ, ಹೆಂಗೆ ತಡ್ಕತೀಯ?" ಎಂದು ಕೇಳಿದ. ಅದನ್ನು ಮನೆ ಮುಟ್ಟುವ ತನಕ ಹೇಳಿದಳು.

ಮನೆಯಲ್ಲಿ ಚಿಕ್ಕಹನುಮಕ್ಕ ಕ್ಯಾರಿಯರನ್ನು ಮಗನ ಕೈಗೇ ಕೊಟ್ಟಳು. "ತಿಂದೋರು ನಿನ್ನೋರು ತಾನೆ? ತೊಳ್ದಿಡು." ಅವನು ನಲ್ಲಿಯ ಹತ್ತಿರ ನಿಂತು ತೊಳೆದ. ಅರಿಸಿನದ ಕಲೆ ಪೂರ್ತಿ ಹೋಗಲಿಲ್ಲ.

ಸೋಮವಾರ ಅವನು ಅರ್ಧ ದಿನ ರಜೆ ಹಾಕಿ ಅಂಚೆ ಕಚೇರಿಗೆ ಬಂದ. ಆಧಾರ್‌ಗೆ ಮೊಬೈಲ್ ನಂಬರು ಸೇರಿಸುವ ಕೆಲಸ ಅಲ್ಲೇ ಆಗುತ್ತದೆ. ಬಾಗಿಲಲ್ಲಿ ನಾಲ್ವರು ಹೆಂಗಸರಿದ್ದರು. ಅವನು ನೇರ ಮೇಜಿನ ಹತ್ತಿರ ಬರುತ್ತಿದ್ದಂತೆ ಸುನಿತಾ ತಲೆಯೆತ್ತದೆ, "ಸಾಲಲ್ಲಿ ಬನ್ನಿ" ಅಂದಳು. ಅವನ ಮುಂದಿದ್ದ ಮುದುಕಿ ಆರು ಬೆರಳು ಇಟ್ಟು ನೋಡಿದ್ದಾಯಿತು. ಯಂತ್ರ ಒಂದನ್ನೂ ಒಪ್ಪಿರಲಿಲ್ಲ. "ಅಜ್ಜೀ, ಬೆರಳು ಒಂಚೂರು ನೆನೀಲಿ, ಕೂತಿರಿ" ಎಂದು ಒದ್ದೆ ಬಟ್ಟೆ ಕೊಟ್ಟು ಅವಳನ್ನು ಪಕ್ಕದಲ್ಲಿ ಕೂರಿಸಿದಳು. ಭೀಮರಾಜುವಿನ ಸರದಿ ಬಂತು.

"ಹೆಸರು?"

"ಗೊತ್ತಿಲ್ವಾ ನಿಂಗೆ?"

"ನೀವೇ ಹೇಳಬೇಕು."

ಹೇಳಿದ. ಹೊಸ ನಂಬರು ಹೇಳಿದ. ಬಲಗೈಯ ತೋರುಬೆರಳನ್ನು ಯಂತ್ರದ ಮೇಲಿಟ್ಟ. ಇಟ್ಟ ಕೂಡಲೇ ಹಸಿರು ದೀಪ ಹತ್ತಿತು.

ಬಟ್ಟೆಯಲ್ಲಿ ಬೆರಳು ಸುತ್ತಿಕೊಂಡು ಕೂತಿದ್ದ ಮುದುಕಿ ಬಗ್ಗಿ ನೋಡಿದಳು. "ನೋಡಪ್ಪಾ! ನಿಂದು ಒಂದೇ ಏಟ್ಗೆ ತಗಂತಲ್ಲ?"

ಭೀಮರಾಜು ತನ್ನ ಬೆರಳನ್ನು ನೋಡಿಕೊಂಡ, ಆಮೇಲೆ ಮುದುಕಿಯದನ್ನು. ಸುನಿತಾ ಅವನ ರಸೀದಿ ಹರಿದು ಕೊಟ್ಟು, "ಬನ್ನಿ ಅಜ್ಜೀ, ಏಳನೇ ಬೆರಳು" ಎಂದಳು.